ಓಜೆಲ್ಲಾಳ ಸೊಟ್ಟ ಜಡೆ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಓಜೆಲ್ಲಾ ಮ್ಯಾಡಕ್ಸ್ ಮಾಡುತ್ತಿದ್ದ ಮೊದಲ ಕೆಲಸ ಕಾಫಿಗೆ ನೀರಿಡುವುದು, ಎರಡನೆಯದು ಫೋನಿನಲ್ಲಿ ಜೈಲಿನ ಪುಟ ತೆರೆಯುವುದು. ಹಾಲ್ಕಂಬ್ ಕೌಂಟಿಯಲ್ಲಿ ಇದೇನೂ ವಿಚಿತ್ರವಲ್ಲ. ನಮ್ಮ ಜನ ಇವತ್ತು ಮಳೆ ಬರುತ್ತದೋ ಇಲ್ಲವೋ ಎಂದು ನೋಡುವುದಕ್ಕಿಂತ ಮುಂಚೆ ಜೈಲಿನಲ್ಲಿ ಯಾರಿದ್ದಾರೆ ಎಂದು ನೋಡುತ್ತಾರೆ. ಶೆರಿಫ್ ಕಚೇರಿಯವರು ಒಳಗಿರುವವರ ಹೆಸರು, ಫೋಟೋ, ಆರೋಪ, ಹಿಡಿದು ತಂದ ದಿನ ಎಲ್ಲವನ್ನೂ ಆ ಪುಟದಲ್ಲಿ ಹಾಕುತ್ತಾರೆ. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ ಕಾಸಿಲ್ಲ. ಬಿಟ್ಟ ಮೇಲೆ ಹೆಸರು ತೆಗೆಯುತ್ತಾರೆ. ಕಸದ ಲಾರಿ ಹೊತ್ತಿಗೆ ಸರಿಯಾಗಿ ಬರದ ಕೌಂಟಿ ನಮ್ಮದು, ಆದರೆ ಈ ಪುಟ ಮಾತ್ರ ದಿನಾ ಬೆಳಿಗ್ಗೆ ಹೊಸದಾಗಿರುತ್ತದೆ.

ನಾನು ಅರ್ಲೀನ್. ಓಜೆಲ್ಲಾಳ ಅಂಗಡಿಯಲ್ಲಿ ಎರಡನೇ ಕುರ್ಚಿ ನನ್ನದು. ಅವಳು ಜಡೆ ಹೆಣೆಯುತ್ತಾಳೆ, ನಾನು ಕೂದಲು ತೊಳೆದು, ಒಣಗಿಸಿ, ಬಿಸಿ ಬಾಚಣಿಗೆಯಲ್ಲಿ ನೆಟ್ಟಗೆ ಮಾಡುತ್ತೇನೆ. ಬೀದಿಯ ಹೆಂಗಸರೆಲ್ಲ ಬಂದು ಕೂತ ಮೇಲೆ ಅವಳು ಕನ್ನಡಕ ಏರಿಸಿ ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒಂದು ಸಲ ಕೂದಲು ಒಣಗಿಸುವ ಯಂತ್ರದ ಕೆಳಗೆ ಕೂತಿದ್ದವಳಿಗೆ ತನ್ನ ಗಂಡನ ಹೆಸರೇ ಕೇಳಿಸಿತು. ಅವನು ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿ ಹೋಗಿದ್ದ. ಅವಳು ಯಂತ್ರದ ಟೋಪಿಯೊಳಗಿಂದಲೇ, "ಸದ್ಯ, ಇವತ್ತಿನ ಅಡುಗೆ ತಪ್ತು" ಎಂದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗದೆ ಇನ್ನೇನು ಮಾಡುವುದು, ಆ ಪುಟದಲ್ಲಿ ಒಬ್ಬರಾದರೂ ಇರದ ಮನೆ ನಮ್ಮ ಬೀದಿಯಲ್ಲಿ ಇರಲಿಲ್ಲ.

ಓಜೆಲ್ಲಾಳ ಬಲಗೈಯ ತೋರುಬೆರಳು ಸೊಟ್ಟ. ಹುಡುಗಿಯಾಗಿದ್ದಾಗ ಬಟ್ಟೆ ಒಗೆಯುವ ಕಾರ್ಖಾನೆಯ ಹಿಂಡುವ ಉರುಳೆಯಲ್ಲಿ ಸಿಕ್ಕಿಕೊಂಡು ಮುರಿದಿತ್ತು, ಕೂಡಿಸಿದವನು ಹೇಗೋ ಕೂಡಿಸಿದ್ದ. ಹಾಗಾಗಿ ಅವಳು ತಲೆಗೆ ಅಂಟಿಸಿ ಸಾಲಾಗಿ ಹೆಣೆಯುವ ಜಡೆಗಳಲ್ಲಿ ಎಲ್ಲವೂ ಗೆರೆ ಎಳೆದ ಹಾಗಿದ್ದರೂ ಎಡಗಿವಿಯ ಹಿಂದಿನದೊಂದು ಮಾತ್ರ ಕತ್ತಿನ ಕಡೆಗೆ ಓಲಿಬಿಡುತ್ತಿತ್ತು. ಅವಳ ಕೈ ಆ ಕೋನಕ್ಕೆ ತಿರುಗುವುದೇ ಇಲ್ಲ. ಹುಡುಗರು ಅದನ್ನು ಹಿಡಿದು ರೇಗಿಸುತ್ತಿದ್ದರು. ಆದರೂ ಕೋರ್ಟಿಗೆ ಹೋಗುವ ಮುಂಚೆ ಎಲ್ಲರೂ ಅವಳ ಕುರ್ಚಿಗೇ ಬರುತ್ತಿದ್ದರು. ನಮ್ಮಲ್ಲಿ ಕೋರ್ಟಿಗೆ ಹೋಗುವ ಹುಡುಗ ಚರ್ಚಿಗೆ ಹೋಗುವವನಿಗಿಂತ ಚೆನ್ನಾಗಿ ತಲೆ ಬಾಚಿಕೊಂಡಿರುತ್ತಾನೆ.

ಜೈಲಿನ ಪುಟದ ಮೇಲೆ ಅವಳಿಗಿದ್ದ ಭಕ್ತಿಗೆ ಒಂದು ಕಾರಣವಿತ್ತು. ಅವಳು ಚಿಕ್ಕವಳಿದ್ದಾಗ ಅವಳಪ್ಪನನ್ನು ಹತ್ತಿ ಗಿರಣಿಯ ಮುಂದೆ ಹಿಡಿದುಕೊಂಡು ಹೋದರು. ಅವಳಮ್ಮ ಜೈಲಿಗೆ ಹೋಗಿ ಕೇಳಿದರೆ ಅಂಥವನು ಇಲ್ಲಿಲ್ಲ ಎಂದರು. ಪಕ್ಕದ ಕೌಂಟಿಗೆ ಹೋದಳು, ಅಲ್ಲಿಯೂ ಇಲ್ಲ. ಆ ವಸಂತವೆಲ್ಲ ತಾಯಿ ಮಗಳು ಒಂದು ಜೈಲಿನಿಂದ ಇನ್ನೊಂದಕ್ಕೆ ನಡೆದರು. ಅವನು ಇದ್ದದ್ದು ಮೊದಲು ಕೇಳಿದ ಜೈಲಿನಲ್ಲೇ. ಬಿಟ್ಟಾಗ ಒಂದು ಕಿವಿ ಕೇಳಿಸುತ್ತಿರಲಿಲ್ಲ. ಕೌಂಟಿಯವರು ಎಲ್ಲರ ಹೆಸರನ್ನೂ ಬಹಿರಂಗವಾಗಿ ಹಾಕಲು ಶುರು ಮಾಡಿದಾಗ ನಾನು ಛೀ ಎಂದಿದ್ದೆ, ನಮ್ಮ ಮಕ್ಕಳ ಮುಖಗಳನ್ನು ಅಂಗಡಿಯ ಸಾಮಾನಿನ ಹಾಗೆ ಜೋಡಿಸಿಡುತ್ತಾರಲ್ಲ ಎಂದು. ಓಜೆಲ್ಲಾ ಒಪ್ಪಲಿಲ್ಲ.

"ಹಾಕ್ಲಿ ಬಿಡು ಅರ್ಲೀನ್," ಎಂದಿದ್ದಳು. "ಬರೆದು ಹಾಕಿದ್ ಮೇಲೆ ಇಲ್ಲ ಅನ್ನೋಕಾಗಲ್ಲ. ನಮ್ಮಮ್ಮಂಗೆ ಇಂಥದ್ದೊಂದು ಇದ್ದಿದ್ರೆ ಅಷ್ಟು ದೂರ ನಡೀಬೇಕಿರ್ಲಿಲ್ಲ."

ಅಲ್ಲಿಂದಾಚೆ ಬೀದಿಯ ತಾಯಂದಿರ ಪರವಾಗಿ ಆ ಪುಟವನ್ನು ಕಾಯುವ ಕೆಲಸ ಅವಳದಾಯಿತು. ರಾತ್ರಿ ಮಗ ಮನೆಗೆ ಬರದಿದ್ದರೆ ಬೆಳಿಗ್ಗೆ ಅವಳಿಗೆ ಫೋನು. ಅವಳು ಇದ್ದಾನೆ ಎಂದರೆ ಇದ್ದಾನೆ, ಹೆಸರು ಹೋಗಿದೆ ಎಂದರೆ ಮಧ್ಯಾಹ್ನದೊಳಗೆ ಹೊರಗೆ ಬರುತ್ತಾನೆ. ಯಾವತ್ತೂ ತಪ್ಪಿರಲಿಲ್ಲ.

ವರ್ನೆಲ್ ಸ್ಟಾಲ್‌ವರ್ತ್ ನಮ್ಮ ಅಂಗಡಿಯ ಹಿಂದಿನ ಮನೆಯವಳು, ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಅವಳಿಗೆ ಒಬ್ಬನೇ ಮಗ ತವಾರಿಸ್. ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ, ಉದ್ದನೆಯ, ನಿಧಾನದ ಹುಡುಗ. ಹತ್ತನೇ ವಯಸ್ಸಿಗೇ ಶುಗರ್ ಬಂದು, ದಿನಾ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಅಮಾನತಾಗಿದ್ದ ಲೈಸೆನ್ಸಿನಲ್ಲಿ ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದ, ಆಮೇಲೆ ಕೋರ್ಟಿನ ದಿನ ಜ್ವರವೆಂದು ಹೋಗಿರಲಿಲ್ಲ. ವಾರಂಟ್ ಹೊರಟಿದೆ ಎಂದು ಗೊತ್ತಾದಾಗ, ಓಡಿಹೋಗುವುದು ಬೇಡ, ನಾನೇ ಹೋಗಿ ಜಡ್ಜ್ ಮುಂದೆ ನಿಲ್ಲುತ್ತೇನೆ ಎಂದ. ಮರ್ಯಾದಸ್ಥರ ಕೆಲಸ ಅದು. ನಮ್ಮ ಕೌಂಟಿಯಲ್ಲಿ ಮರ್ಯಾದಸ್ಥರಿಗೇ ಮೊದಲ ಪೆಟ್ಟು.

ಶನಿವಾರ ಬಂದು ಓಜೆಲ್ಲಾಳ ಕುರ್ಚಿಯಲ್ಲಿ ಕೂತ. ವರ್ನೆಲ್ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು.

"ಅತ್ತೆ, ಈ ಸಲನಾದ್ರೂ ಅದೊಂದನ್ನ ನೆಟ್ಟಗೆ ಹೆಣಿ," ಎಂದ ತವಾರಿಸ್. "ಜಡ್ಜ್ ನೋಡಿ ನಕ್ಕುಬಿಟ್ಟಾನು."

"ನಕ್ರೆ ಒಳ್ಳೇದೇ ಆಯ್ತಲ್ಲ," ಎಂದಳು ಓಜೆಲ್ಲಾ, ಅವನ ತಲೆಯನ್ನು ಮುಂದಕ್ಕೆ ಬಗ್ಗಿಸುತ್ತ. "ನಗೋ ಜಡ್ಜ್ ಯಾರನ್ನೂ ಒಳಗೆ ಹಾಕಲ್ಲ."

ಸೋಮವಾರ ಕೋರ್ಟಿನಲ್ಲಿ ಜಡ್ಜ್ ನಗಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಮುಂದಿನ ವಿಚಾರಣೆಯವರೆಗೆ ಒಳಗಿರಲಿ ಎಂದು ಬರೆದ. ಮಂಗಳವಾರ ಬೆಳಿಗ್ಗೆ ಪುಟದಲ್ಲಿ ತವಾರಿಸನ ಮುಖ ಬಂತು, ಹೊಸ ಗುಂಡಿಯ ಅಂಗಿಯಲ್ಲಿ.

ಅವತ್ತೇ ವರ್ನೆಲ್ ಇನ್ಸುಲಿನ್ ಬಾಟಲಿಗಳನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಜೈಲಿನ ಕಿಟಕಿಗೆ ಹೋದಳು. ಹೊರಗಿನ ಔಷಧಿ ತೆಗೆದುಕೊಳ್ಳುವುದಿಲ್ಲ, ಒಳಗೆ ನರ್ಸ್ ಇದ್ದಾರೆ, ಅವರು ನೋಡಿಕೊಳ್ಳುತ್ತಾರೆ ಎಂದಳಂತೆ ಕಿಟಕಿಯ ಹೆಂಗಸು. ನರ್ಸನ್ನು ಕರೆಯಿರಿ ಎಂದರೆ ನರ್ಸ್ ಬರುವ ದಿನ ಇವತ್ತಲ್ಲ ಎಂದಳಂತೆ. ಮರುದಿನ ಮತ್ತೆ ಹೋದಳು. ಅದೇ ಹೆಂಗಸು, ಅದೇ ಉತ್ತರ. ಬುಧವಾರ ಸಂಜೆ ಒಳಗಿನಿಂದ ತವಾರಿಸ್ ಫೋನು ಮಾಡಿದ. ಮಾತು ತೊದಲುತ್ತಿತ್ತಂತೆ. ಬಾಯಾರಿಕೆ ಅಮ್ಮಾ, ಎಷ್ಟು ಕುಡಿದರೂ ಹೋಗುತ್ತಿಲ್ಲ ಎಂದನಂತೆ. ಅಷ್ಟರಲ್ಲಿ ಫೋನಿನ ಸಮಯ ಮುಗಿಯಿತು.

ವರ್ನೆಲ್ ನೇರವಾಗಿ ಅಂಗಡಿಗೆ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಓಜೆಲ್ಲಾ ಅವಳ ಎದುರಿಗೇ ಪುಟ ತೆರೆದು ತೋರಿಸಿದಳು.

"ನೋಡು, ಹೆಸರಿದೆ. ಅವರ ಲೆಕ್ಕದಲ್ಲಿದಾನೆ. ಲೆಕ್ಕದಲ್ಲಿರೋನಿಗೆ ಏನಾದ್ರೂ ಆದ್ರೆ ಊರೆಲ್ಲ ಕೇಳುತ್ತೆ. ಅವರಿಗೂ ಅದು ಗೊತ್ತು ಕಣೇ."

ವರ್ನೆಲ್ ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತ ಕೂತಳು. ಗುರುವಾರ ಪೂರ್ತಿ ಜೈಲಿನ ನಂಬರಿಗೆ ಫೋನು ಮಾಡಿದಳು. ಯಾರೂ ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾಫಿ ಕುದಿಯುವ ಮುಂಚೆಯೇ ಓಜೆಲ್ಲಾ ನನ್ನನ್ನು ಕೂಗಿದಳು. ಪುಟದಲ್ಲಿ ತವಾರಿಸನ ಹೆಸರಿರಲಿಲ್ಲ. ಮೇಲಿಂದ ಕೆಳಗೆ ಇನ್ನೊಮ್ಮೆ ನೋಡಿದೆವು, ಇಲ್ಲ. ನಮ್ಮ ಮುದುಕಿ ಓಜೆಲ್ಲಾ ಕುಣಿಯುವುದೊಂದು ಬಾಕಿ. ಆಗಲೇ ಫೋನು ಎತ್ತಿಕೊಂಡು, "ಹೆಸರು ಹೋಗಿದೆ ವರ್ನೆಲ್. ಒಲೆ ಹಚ್ಚು" ಎಂದಳು.

ಜೈಲಿನಿಂದ ಬರುವವನಿಗೆ ನಮ್ಮಲ್ಲಿ ತಟ್ಟೆ ತೆಗೆದುಕೊಂಡು ಹೋಗುವ ಪದ್ಧತಿ. ಮನೆಗೆ ಬರುವವರೆಗೂ ಕಾಯುವುದಿಲ್ಲ. ಜೈಲಿನ ಪಕ್ಕದ ಗೇಟಿನ ಎದುರಿಗೆ ಕಾರು ನಿಲ್ಲಿಸಿ, ಅವನು ಬಂದು ಕೂತ ಕೂಡಲೇ ಮಡಿಲಲ್ಲಿಟ್ಟು, ತಿಂದು ಮುಗಿಸುವವರೆಗೆ ಯಾರೂ ಏನೂ ಕೇಳುವುದಿಲ್ಲ. ವರ್ನೆಲ್ ಶಾಲೆಗೆ ರಜೆ ಹೇಳಿ, ಜೋಳದ ಹಿಟ್ಟು ಮೆತ್ತಿದ ಮೀನು ಕರಿದಳು, ಅವರೆಯಂಥ ಬೆಣ್ಣೆ ಕಾಳು ಬೇಯಿಸಿದಳು, ಸಕ್ಕರೆ ಹಾಕದೆ ಜೋಳದ ಬ್ರೆಡ್ ಸುಟ್ಟಳು. ಇನ್ಸುಲಿನ್ ಡಬ್ಬಿಯನ್ನು ಕಾರಿನ ಮುಂದಿನ ಸೀಟಿನ ಕೆಳಗೆ ಇಟ್ಟಳು. ಮೊದಲು ಚುಚ್ಚು, ಆಮೇಲೆ ತಟ್ಟೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾವು ಮೂವರೂ ಹೋದೆವು.

ಆಗಸ್ಟಿನ ಬಿಸಿಲು. ಗೇಟಿನಿಂದ ಒಬ್ಬ ಬಂದ, ತವಾರಿಸ್ ಅಲ್ಲ. ಇನ್ನೊಬ್ಬ ಬಂದ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಅವನನ್ನು ಕರೆದುಕೊಂಡು ಹೋಗಲು ಯಾರೂ ಬಂದಿರಲಿಲ್ಲ, ನಮ್ಮ ಕಾರಿನೊಳಗಿನ ತಟ್ಟೆಯನ್ನೇ ನೋಡುತ್ತ ಹೋದ. ಮಧ್ಯಾಹ್ನ ದಾಟಿತು. ತಟ್ಟೆಯ ಮೇಲಿನ ಹಾಳೆಗೆ ಎಣ್ಣೆ ಹಿಡಿದು ಪಾರದರ್ಶಕವಾಯಿತು. ಕೊನೆಗೆ ಓಜೆಲ್ಲಾ ಇಳಿದು ಕಿಟಕಿಗೆ ಹೋದಳು, ಹಿಂದೆ ನಾವು.

ಕಿಟಕಿಯ ಹೆಂಗಸು ಕಂಪ್ಯೂಟರ್ ನೋಡಿ, "ಬಿಟ್ಟಾಯ್ತು" ಎಂದಳು.

"ಯಾವಾಗ? ನಾವು ಬೆಳಿಗ್ಗೆಯಿಂದ ಇಲ್ಲೇ ಇದೀವಿ."

"ಬಿಟ್ಟಾಯ್ತು ಅಂತಷ್ಟೇ ಇದೆ."

"ಎಲ್ಲಿಗೆ ಹೋದ?" ಎಂದು ವರ್ನೆಲ್ ಕೇಳಿದಳು.

"ಬಿಟ್ಮೇಲೆ ಎಲ್ಲಿಗೆ ಹೋಗ್ತಾರೆ ಅಂತ ನಾವು ನೋಡಲ್ಲಮ್ಮ."

ಗಾಜಿಗೆ ಅಂಗೈ ಬಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಚರ್ಚಿನವರು ಕೇಳಿದ್ದರೆ ನನ್ನನ್ನು ಹೊರಗೆ ಹಾಕುತ್ತಿದ್ದರು. ಅವಳು ಕಿಟಕಿಯ ಪರದೆ ಎಳೆದಳು.

ಆಮೇಲಿನದು ಹುಡುಕಾಟ. ಹೆದ್ದಾರಿಯ ಬದಿಯಲ್ಲಿ ನಿಧಾನವಾಗಿ ಕಾರು ಓಡಿಸಿ ಹಳ್ಳ ಹಳ್ಳ ನೋಡಿದೆವು. ಮಿಲ್ಲಿಗೆ ಹೋದೆವು. ಹಳೆಯ ಗೆಳತಿಯ ಮನೆಗೆ ಹೋದೆವು. ಯಾವಳದೋ ಮನೆಯಲ್ಲಿ ಬಿದ್ದುಕೊಂಡಿರುತ್ತಾನೆ, ಪ್ರಾಯದ ಹುಡುಗ ಎಂದರು ಬೀದಿಯವರು. ವರ್ನೆಲ್ ಅದನ್ನು ನಂಬಲು ತುಂಬ ಪ್ರಯತ್ನಪಟ್ಟಳು. ನಗರದ ದೊಡ್ಡ ಆಸ್ಪತ್ರೆಗೂ ಫೋನು ಮಾಡಿದೆವು. ಆ ಹೆಸರಿನವರು ಯಾರೂ ನಮ್ಮಲ್ಲಿಲ್ಲ ಎಂದರು.

ಓಜೆಲ್ಲಾ ಅಂಗಡಿಯಲ್ಲಿ ಕೂತು ಒಂದೊಂದಾಗಿ ಪುಟ ತೆರೆದಳು. ಪಕ್ಕದ ಕೌಂಟಿಯ ಜೈಲು, ಅದರ ಪಕ್ಕದ್ದು, ರಾಜ್ಯದ ಸೆರೆಮನೆಗಳದು, ಕೇಂದ್ರದ್ದು. ಎಲ್ಲದರಲ್ಲೂ ಹೆಸರು ಕೊಟ್ಟು ನೋಡಿದಳು. ಒಂದು ಕೌಂಟಿಯಲ್ಲಿ ಅದೇ ಮನೆತನದ ಹೆಸರಿನ ಇನ್ನೊಬ್ಬ ಸಿಕ್ಕ, ಬಿಳಿಯ ಮುದುಕ. ಕಳೆದ ಬೀಗದಕೈಯನ್ನು ಹುಡುಕಿದ್ದ ಡ್ರಾಯರಿನಲ್ಲೇ ಮತ್ತೆ ಹುಡುಕುವವರ ಹಾಗೆ ಅವಳು ತಿರುಗಿ ನಮ್ಮ ಕೌಂಟಿಯ ಪುಟಕ್ಕೇ ಬರುತ್ತಿದ್ದಳು. ಎಲ್ಲೋ ಒಂದು ಕಡೆ ಬರೆದೇ ಇರಬೇಕು ಅರ್ಲೀನ್, ಬರೆಯದೆ ಹೇಗಿರುತ್ತಾರೆ ಎನ್ನುತ್ತಿದ್ದಳು. ಅವಳ ಮುಖ ನೋಡಲು ನನಗೆ ಹೆದರಿಕೆಯಾಯಿತು.

ಭಾನುವಾರ ಚರ್ಚ್ ಮುಗಿದು ಜನ ಹೊರಗೆ ನಿಂತಿದ್ದಾಗ ಕೀಯೋನಾ ಬಂದಳು. ನಗರದ ಆ ದೊಡ್ಡ ಆಸ್ಪತ್ರೆಯಲ್ಲೇ ರೋಗಿಗಳ ಮೈ ಒರೆಸಿ ಹಾಸಿಗೆ ಬದಲಾಯಿಸುವ ಹುಡುಗಿ, ಓಜೆಲ್ಲಾಳ ಹಳೆಯ ಗಿರಾಕಿ. ರಾತ್ರಿ ಪಾಳಿ ಮುಗಿಸಿ ಬಂದಿದ್ದಳು, ಕಣ್ಣು ಕೆಂಪಾಗಿತ್ತು. ಓಜೆಲ್ಲಾಳ ತೋಳು ಹಿಡಿದು ಗೋಡೆಯ ಕಡೆಗೆ ಕರೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

"ಮಿಸ್ ಓಜೆಲ್ಲಾ, ನಾನು ಯಾರ ಹೆಸರೂ ಹೇಳೋ ಹಾಗಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ," ಎಂದಳು. "ರಾತ್ರಿ ಮೂರನೇ ಮಹಡೀಲಿ ಒಬ್ಬ ಹುಡುಗನ ತಲೆ ಎತ್ತಿ ದಿಂಬು ಸರಿ ಮಾಡ್ದೆ. ನಿಮ್ಮ ಸೊಟ್ಟ ಜಡೆ ಇತ್ತು."

ವರ್ನೆಲ್ ಮೆಟ್ಟಿಲ ಹತ್ತಿರ ಯಾರೊಂದಿಗೋ ಮಾತಾಡುತ್ತ ನಿಂತಿದ್ದಳು. ನಮ್ಮ ಮುಖ ನೋಡಿದವಳೇ ಕಾರಿನ ಕಡೆಗೆ ನಡೆದಳು.

ಮೂರನೇ ಮಹಡಿಯ ಮೇಜಿನವರು ಆ ಹೆಸರಿನವರಿಲ್ಲ ಎಂದು ಮತ್ತೆ ಹೇಳುತ್ತಿರುವಾಗಲೇ ವರ್ನೆಲ್ ಅವರನ್ನು ದಾಟಿ ಕೋಣೆ ಕೋಣೆಯ ಗಾಜಿನಲ್ಲಿ ಇಣುಕುತ್ತ ಹೋದಳು. ಕಾವಲಿನವನು ಕೂಗಿದ. ಅವಳು ತಿರುಗಲಿಲ್ಲ. ಕೊನೆಯ ಬಾಗಿಲ ಮುಂದೆ ನಿಂತಳು.

ತವಾರಿಸನ ಬಾಯಿಗೆ ಕೊಳವೆ, ಪಕ್ಕದಲ್ಲಿ ಉಸಿರಾಡಿಸುವ ಯಂತ್ರ. ಒಂದು ಕಾಲಿನ ಗಿಣ್ಣಿನ ಸುತ್ತ ಬೇಡಿಯ ಗುರುತು. ಬಲಗೈಯ ಹೆಬ್ಬೆರಳಿನಲ್ಲಿ ಕಪ್ಪು ಶಾಯಿ. ವರ್ನೆಲ್ ತನ್ನ ಕರವಸ್ತ್ರವನ್ನು ಎಂಜಲಲ್ಲಿ ಒದ್ದೆ ಮಾಡಿ ಆ ಶಾಯಿಯನ್ನು ಉಜ್ಜಿದಳು. ಅದು ಹೋಗಲಿಲ್ಲ.

ಡಾಕ್ಟರು ಹೇಳಿದ್ದನ್ನು ಹೇಳುತ್ತೇನೆ. ಗುರುವಾರ ಸಂಜೆ ಜೈಲಿನಿಂದ ಆಂಬುಲೆನ್ಸಿನಲ್ಲಿ ತಂದರು. ಶುಗರ್ ಎಷ್ಟು ಏರಿತ್ತೆಂದರೆ ಯಂತ್ರದಲ್ಲಿ ಅಂಕೆಯೇ ಬರಲಿಲ್ಲ. ಆಗಲೇ ಪ್ರಜ್ಞೆ ಇರಲಿಲ್ಲ. ಕೈದಿಯೆಂದ ಮೇಲೆ ಹೆಸರನ್ನು ಯಾರಿಗೂ ಹೇಳಬಾರದೆಂದು ಜೊತೆಗೆ ಬಂದ ಇಬ್ಬರು ಜೈಲಿನವರು ಬರೆಸಿದರು. ಶುಕ್ರವಾರ ನಸುಕಿನಲ್ಲಿ ಅವರಲ್ಲೊಬ್ಬ ಬಿಡುಗಡೆಯ ಕಾಗದ ತಂದು, ಮಲಗಿದ್ದವನ ಹೆಬ್ಬೆರಳನ್ನು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿ, ಬೇಡಿ ಬಿಚ್ಚಿಕೊಂಡು ಹೋದ. ಆ ಕ್ಷಣದಿಂದ ತವಾರಿಸ್ ಸ್ಟಾಲ್‌ವರ್ತ್ ಸ್ವತಂತ್ರ. ಅವನ ಹೆಸರನ್ನು ಮುಚ್ಚಿಡಿ ಎಂದಿದ್ದನ್ನು ತೆಗೆಸಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಅವನ ಅಮ್ಮ ಮೀನು ಕರಿಯುತ್ತಿದ್ದಾಗ ಅವನು ಇಲ್ಲಿದ್ದ, ಗೇಟಿನ ಮುಂದೆ ಕಾಯುತ್ತಿದ್ದಾಗ ಇಲ್ಲಿದ್ದ. ಮೆದುಳು ಸತ್ತುಹೋಗಿದೆ, ಮೊದಲ ದಿನವೇ ನೀವು ಬಂದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು.

"ಮೊದಲ ದಿನ ಬಂದಿದ್ರೆ ಕೈ ಹಿಡ್ಕೊಂಡು ಕೂತಿರ್ತಿದ್ದೆ," ಎಂದಳು ವರ್ನೆಲ್.

ಮಂಗಳವಾರ ಯಂತ್ರ ನಿಲ್ಲಿಸಿದರು. ವಾರದ ಕೊನೆಗೆ ಪತ್ರಿಕೆಯವನೊಬ್ಬ ಕೇಳಿದ್ದಕ್ಕೆ, ನಮ್ಮ ಜೈಲಿನಲ್ಲಿ ಈ ವರ್ಷ ಯಾರೂ ಸತ್ತಿಲ್ಲ ಎಂದು ಶೆರಿಫ್ ಕಚೇರಿಯಿಂದ ಉತ್ತರ ಬಂತು. ಕಾಗದದ ಪ್ರಕಾರ ಅದು ನಿಜ. ವರ್ನೆಲ್ ಹುಡುಕಿಕೊಂಡು ಹೋದ ವಕೀಲನೂ ಕೈ ಚೆಲ್ಲಿದ. ಸತ್ತವನು ಕೈದಿಯಲ್ಲ, ಅವನು ಬಿಡುಗಡೆಯಾಗಿದ್ದ ಎಂದ. ಜೈಲಿನವರ ಮೇಲೆ ನನಗಿರುವ ಸಿಟ್ಟು ನಾನು ಸಾಯುವವರೆಗೂ ಆರುವುದಿಲ್ಲ, ಆರಬೇಕೆಂದು ನನಗೆ ಆಸೆಯೂ ಇಲ್ಲ. ಎದ್ದು ಕೂರಲೂ ಆಗದವನನ್ನು ಹೊರಗೆ ಬಿಟ್ಟೆವೆಂದು ಬರೆದವರು ಅವರು.

ಓಜೆಲ್ಲಾ ಎಷ್ಟೋ ದಿನ ಆ ಪುಟ ತೆರೆಯಲಿಲ್ಲ. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದಳು. ಹೆಂಗಸರು ಬಂದು ಸುಮ್ಮನೆ ಕೂತು ತಲೆ ಮಾಡಿಸಿಕೊಂಡು ಹೋಗುತ್ತಿದ್ದರು. ಆಮೇಲೆ ಒಂದು ದಿನ ಮಿಲ್ಲಿನ ಹತ್ತಿರದ ತಾಯಿಯೊಬ್ಬಳು ಫೋನು ಮಾಡಿದಳು, ಮಗ ರಾತ್ರಿ ಬಂದಿಲ್ಲ ಎಂದು. ಓಜೆಲ್ಲಾ ಕನ್ನಡಕ ಹುಡುಕಿಕೊಂಡು ಪುಟ ತೆರೆದಳು. ಈಗ ದಿನಾ ನೋಡುತ್ತಾಳೆ, ಆದರೆ ಗಟ್ಟಿಯಾಗಿ ಓದುವುದಿಲ್ಲ. ಹೆಸರು ಹೋಗಿದ್ದರೆ ಒಲೆ ಹಚ್ಚು ಎನ್ನುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಮೊದಲು ಆಸ್ಪತ್ರೆಗೆ ಹೋಗು, ಫೋನು ಮಾಡಬೇಡ, ನೀನೇ ಹೋಗಿ ನೋಡು ಎನ್ನುತ್ತಾಳೆ.

ಮಣ್ಣು ಮಾಡುವ ಹಿಂದಿನ ದಿನದ ಸಂಗತಿಯೊಂದನ್ನು ಹೇಳಬೇಕು. ಶವಸಂಸ್ಕಾರದ ಮನೆಯವರು ತವಾರಿಸನನ್ನು ತೊಳೆದು, ಜೈಲಿನಿಂದ ವಾಪಸು ಬಂದ ಆ ಹೊಸ ಗುಂಡಿಯ ಅಂಗಿಯನ್ನೇ ಹಾಕಿದ್ದರು. ಆಸ್ಪತ್ರೆಯ ದಿಂಬಿನಲ್ಲಿ ಜಡೆಗಳೆಲ್ಲ ಕೆದರಿದ್ದವು. ಮತ್ತೆ ಹೆಣೆಯಲು ವರ್ನೆಲ್ ಓಜೆಲ್ಲಾಳನ್ನು ಕರೆದಳು. ಬರಲು ಅವಳಿಗೆ ಧೈರ್ಯವಿರಲಿಲ್ಲ, ನಾನು ಕೈಹಿಡಿದು ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವಳೇ ವರ್ನೆಲ್ ಎದುರು ನಿಂತಳು.

"ನಾನು ಒಲೆ ಹಚ್ಚು ಅಂದೆ," ಎಂದಳು. "ಆಸ್ಪತ್ರೆಗೆ ಓಡು ಅನ್ಬೇಕಿತ್ತು. ಆ ಪುಟನ ನಂಬಿ ನಿನ್ನ ಮಗನ್ನ ಒಂಟಿಯಾಗಿ ಮಲಗಿಸ್ದೆ."

ವರ್ನೆಲ್ ಬಾಚಣಿಗೆಯನ್ನು ಅವಳ ಕೈಗೆ ಕೊಟ್ಟಳು.

ಓಜೆಲ್ಲಾ ಹಳೆಯ ಜಡೆಗಳನ್ನು ಬಿಚ್ಚಿ, ಎಣ್ಣೆ ಸವರಿ, ಹಣೆಯಿಂದ ಶುರು ಮಾಡಿದಳು. ನಾನು ತಲೆಯನ್ನು ಎತ್ತಿ ಹಿಡಿದಿದ್ದೆ. ತಣ್ಣಗಿತ್ತು, ಭಾರವಾಗಿತ್ತು. ಎಡಗಿವಿಯ ಹಿಂದಿನ ಕೊನೆಯ ಜಡೆಗೆ ಬಂದಳು. ಹೆಣೆದಳು, ಓಲಿತು. ಬಿಚ್ಚಿದಳು. ಮತ್ತೆ ಹೆಣೆದಳು, ಮತ್ತೆ ಓಲಿತು. ಅವನು ನೆಟ್ಟಗೆ ಹೆಣಿ ಅಂತ ಕೇಳಿದ್ದ ಅರ್ಲೀನ್, ನಿನ್ನ ಬೆರಳು ಸರಿಯಿದೆ, ಇದೊಂದನ್ನು ನೀನು ಮುಗಿಸು ಎಂದು ಬಾಚಣಿಗೆಯನ್ನು ನನ್ನ ಕಡೆಗೆ ಚಾಚಿದಳು.

ನಾನು ತೆಗೆದುಕೊಳ್ಳುವಷ್ಟರಲ್ಲಿ ವರ್ನೆಲ್ ನನ್ನ ಮಣಿಕಟ್ಟು ಹಿಡಿದಳು.

"ಬೇಡ. ಅದು ಸೊಟ್ಟಗೇ ಇರ್ಲಿ," ಎಂದಳು. "ಅದು ನೆಟ್ಟಗಿದ್ದಿದ್ರೆ ನನ್ ಮಗ ನಂಗೆ ಸಿಗ್ತಾನೇ ಇರ್ಲಿಲ್ಲ."

ಓಜೆಲ್ಲಾ ಬಾಚಣಿಗೆಯನ್ನು ಹಿಂದಕ್ಕೆ ತೆಗೆದುಕೊಂಡು, ಕಣ್ಣೊರೆಸಿಕೊಂಡು, ತನ್ನ ಕೈ ತಿರುಗಿದ ಹಾಗೆಯೇ ಕೊನೆಯ ಜಡೆಯನ್ನು ಮುಗಿಸಿದಳು.